ಹಾಡು ಬರೆದವಳಿಗೆ ಹಾಡೋಕೆ ಜಾಗ ಇರಲಿಲ್ಲ: ತಾರ್ತು ಊರಿನ ಕ್ವಾಯರ್ ಕಥೆ

ಇವತ್ತು ನಿಮ್ಮನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ. ಎಸ್ಟೋನಿಯಾ ಅನ್ನೋ ಪುಟ್ಟ ದೇಶ, ಅದರಲ್ಲಿ ತಾರ್ತು ಅನ್ನೋ ಊರು. ನಡುವೆ ಎಮಾಯೋಗಿ ಅಂತ ಒಂದು ನದಿ ಹರಿಯುತ್ತೆ, ಹೆಸರಿನ ಅರ್ಥ ತಾಯಿನದಿ. 1632ರಲ್ಲೇ ಶುರುವಾದ ಯೂನಿವರ್ಸಿಟಿ ಇದೆ. ಇವತ್ತಿಗೂ ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು ಅಷ್ಟೇ. ಈ ಊರಿನ ಒಂದು ಗಾಯನ ಸಂಘದ ಕಥೆ ಇದು.

1860ರ ದಶಕದಲ್ಲಿ ಅಲ್ಲಿ ಆಳ್ತಾ ಇದ್ದದ್ದು ರಷ್ಯಾದ ಚಕ್ರವರ್ತಿ. ಆದರೆ ಜಮೀನು, ಚರ್ಚು, ಕಾಲೇಜು ಎಲ್ಲಾ ಜರ್ಮನ್ ಮಾತಾಡೋ ಜಮೀನ್ದಾರರ ಕೈಯಲ್ಲಿತ್ತು. ಎಸ್ಟೋನಿಯನ್ ಅಂದ್ರೆ ರೈತರ ಭಾಷೆ, ಆಳುಗಳ ಭಾಷೆ. ಓದಿ ದೊಡ್ಡವನಾದವನು ಜರ್ಮನ್‌ಗೆ ಬದಲಾಗಿಬಿಡ್ತಿದ್ದ. ಅಲ್ಲಿನ ರೈತರಿಗೆ 1819ರಲ್ಲಿ ಜೀತದಿಂದ ಬಿಡುಗಡೆ ಸಿಕ್ಕಿತ್ತು ನಿಜ, ಆದರೆ ಒಂದು ತುಂಡು ಭೂಮಿಯೂ ಸಿಗಲಿಲ್ಲ. ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ: ಸಾಲ ಮನ್ನಾ ಅಂತ ಕಾಗದ ಕೊಟ್ಟು, ಮನೆಯ ಬೀಗದ ಕೈ ತಾವೇ ಇಟ್ಕೊಂಡ ಹಾಗೆ.

ಅದೇ 1819ರಲ್ಲಿ ಹುಟ್ಟಿದವನು ಯೋಹಾನ್ ವೋಲ್ಡೆಮಾರ್ ಯಾನ್ಸನ್. ಗಿರಣಿಯವನ ಮಗ. ಹಳ್ಳಿ ಚರ್ಚಿನಲ್ಲಿ ಆರ್ಗನ್ ನುಡಿಸ್ತಾ, ಮಕ್ಕಳಿಗೆ ಪಾಠ ಹೇಳ್ತಾ ಇದ್ದ. 1857ರಲ್ಲಿ ಎಸ್ಟೋನಿಯನ್ ಭಾಷೆಯಲ್ಲಿ ವಾರಪತ್ರಿಕೆ ಶುರು ಮಾಡಿದ. ಆಮೇಲೆ ತಾರ್ತುಗೆ ಬಂದು, 1865ರಲ್ಲಿ ಗಂಡಸರ ಒಂದು ಗಾಯನ ಸಂಘ ಕಟ್ಟಿದ. ಹಾಡಿನ ದೇವರ ಹೆಸರನ್ನೇ ಅದಕ್ಕಿಟ್ಟ, ‘ವಾನೆಮುಯ್ನೆ’. ಆ ಹೊತ್ತಿಗೆ ಜರ್ಮನ್ನರು ತಾಲಿನ್‌ನಲ್ಲಿ, ರೀಗಾದಲ್ಲಿ ದೊಡ್ಡ ದೊಡ್ಡ ಗಾಯನ ಹಬ್ಬಗಳನ್ನು ಮಾಡಿಯಾಗಿತ್ತು. ಇವನ ಪ್ರಶ್ನೆ ಸಿಂಪಲ್: ಅವರು ಮಾಡಬಹುದಾದ್ರೆ ನಾವ್ಯಾಕೆ ಮಾಡಬಾರದು?

ಸರ್ಕಾರದ ಅನುಮತಿ ಬೇಕಲ್ಲ! ಯಾನ್ಸನ್ ಬುದ್ಧಿವಂತ. ಜೀತದಿಂದ ಬಿಡುಗಡೆಯಾಗಿ 50 ವರ್ಷ ಆಯ್ತು, ಚಕ್ರವರ್ತಿಗೆ ಕೃತಜ್ಞತೆ ಹೇಳ್ಬೇಕು ಅಂತ ಕಾರಣ ಕೊಟ್ಟ. ಇದಕ್ಕೆ ಬೇಡ ಅನ್ನೋದು ಯಾವ ಅಧಿಕಾರಿಗೂ ಸುಲಭ ಅಲ್ಲ. ಆದರೂ ಒಪ್ಪಿಗೆ ಬಂದದ್ದು ಹಬ್ಬಕ್ಕೆ ಕೆಲವೇ ತಿಂಗಳು ಇರುವಾಗ. ಹಳ್ಳಿಹಳ್ಳಿಯ ಮೇಷ್ಟ್ರುಗಳು ತಮ್ಮ ತಮ್ಮ ಗುಂಪಿಗೆ ಅಲ್ಲಲ್ಲೇ ಹಾಡು ಕಲಿಸಿದರು. ನಾಲ್ಕು ದನಿಯಲ್ಲಿ ಹಾಡೋದು ಆ ರೈತರಿಗೆ ಹೊಸದೇನಲ್ಲ, ಮೊರಾವಿಯನ್ ಭಕ್ತರ ಪ್ರಾರ್ಥನಾ ಮನೆಗಳಲ್ಲಿ ರೂಢಿಯಾಗಿತ್ತು.

1869ರ ಜೂನ್ 18ರಿಂದ 20, ಆಗಿನ ರಷ್ಯಾದ ಕ್ಯಾಲೆಂಡರ್ ಪ್ರಕಾರ. 800ಕ್ಕೂ ಹೆಚ್ಚು ಹಾಡುಗಾರರು, ವಾದ್ಯದವರು. ಕೇಳೋಕೆ ಬಂದವರು 10 ಸಾವಿರಕ್ಕೂ ಮೇಲೆ. ಊರಿನ ಜನಸಂಖ್ಯೆಯೇ ಆಗ ಸುಮಾರು 20 ಸಾವಿರ, ಯೋಚನೆ ಮಾಡಿ! ಮೊದಲ ದಿನ ದೇವರ ಹಾಡುಗಳು, ಎರಡನೇ ದಿನ ಲೋಕದ ಹಾಡುಗಳು, ಮೂರನೇ ದಿನ ಸ್ಪರ್ಧೆ.

ಆದರೆ ಪಟ್ಟಿ ನೋಡಿದ್ರೆ ಬೇಜಾರಾಗುತ್ತೆ. ಹೆಚ್ಚುಕಮ್ಮಿ ಎಲ್ಲಾ ಜರ್ಮನ್ ರಾಗಗಳು, ಅನುವಾದ ಮಾಡಿದ್ದು. ಎಸ್ಟೋನಿಯನ್ ಸಂಗೀತಗಾರನ ಹಾಡು ಎರಡೇ ಎರಡು, ಅಲೆಕ್ಸಾಂಡರ್ ಕುನಿಲೈಡ್ ಅನ್ನೋ 23 ವರ್ಷದ ಹುಡುಗನದ್ದು. ‘ಹಬ್ಬ ನಮ್ಮದು, ಹಾಡು ಅವರದು’ ಅಂತ ಟೀಕೆ ಮಾಡೋಕೆ ಇದು ಸಾಕು. ನನ್ನ ಪ್ರಕಾರ ಆ ಟೀಕೆ ನ್ಯಾಯವೇ. ಆದರೂ ಜನಕ್ಕೆ ನೆನಪುಳಿದದ್ದು ಆ ಎರಡೇ ಹಾಡು.

ಆ ಎರಡಕ್ಕೂ ಸಾಹಿತ್ಯ ಬರೆದದ್ದು ಯಾನ್ಸನ್ ಮಗಳು ಲಿಡಿಯಾ. ವಯಸ್ಸು 25. ಹುಟ್ಟಿದ್ದು 1843ರಲ್ಲಿ, ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದ ವರ್ಷ. ಅಪ್ಪನ ಪತ್ರಿಕೆಗೆ ದುಡಿದವಳು ಇವಳು. ಕವನ ಸಂಕಲನ ತಂದಾಗ ಹೆಸರು ಹಾಕಿಕೊಳ್ಳಲಿಲ್ಲ. ಆಮೇಲೆ ಜನ ಕರೆದದ್ದು ಕೊಯ್ದುಲಾ ಅಂತ, ಬೆಳಗಿನ ಜಾವದವಳು ಅನ್ನೋ ಅರ್ಥದ ಹೆಸರು. ಹಬ್ಬಕ್ಕೆ ಅವಳ ಹಾಡು ಬೇಕಿತ್ತು, ಅವಳ ದನಿ ಬೇಕಿರಲಿಲ್ಲ. ಯಾಕಂದ್ರೆ ಹಾಡುಗಾರರೆಲ್ಲಾ ಗಂಡಸರೇ. ಹೆಂಗಸರೂ ಸೇರಿ ಹಾಡಿದ್ದು 1891ರ ಹಬ್ಬದಲ್ಲಿ, ಅದೂ ತಾರ್ತುವಿನಲ್ಲೇ. ಕೊಯ್ದುಲಾ ಅಷ್ಟು ಹೊತ್ತಿಗೆ ತೀರಿಕೊಂಡು ಐದು ವರ್ಷ ಆಗಿತ್ತು. ಮದುವೆಯಾಗಿ ರಷ್ಯಾದ ಕ್ರೋನ್‌ಷ್ಟಾಟ್ ಸೇರಿದ್ದಳು, 42ಕ್ಕೇ ಕ್ಯಾನ್ಸರ್‌ನಿಂದ ಹೋದಳು. ಕುನಿಲೈಡ್ ಅಂತೂ 30 ತುಂಬೋಕೂ ಮೊದಲೇ ಹೋಗಿದ್ದ.

ಇನ್ನು ಯಾನ್ಸನ್ ಬರೆದು ಆ ಹಬ್ಬದಲ್ಲಿ ಹಾಡಿಸಿದ ಇನ್ನೊಂದು ಹಾಡು 1920ರಲ್ಲಿ ರಾಷ್ಟ್ರಗೀತೆ ಆಯ್ತು. ರಾಗ ಫ್ರೆಡ್ರಿಕ್ ಪಾಸಿಯಸ್‌ದು, ಪಕ್ಕದ ಫಿನ್ಲೆಂಡಿನ ರಾಷ್ಟ್ರಗೀತೆಗೂ ಅದೇ ರಾಗ. ಸೋವಿಯತ್ ಕಾಲದಲ್ಲಿ ಅದು ನಿಷೇಧ. ಆದರೆ ಫಿನ್ಲೆಂಡಿನ ರೇಡಿಯೋ ದಿನದ ಕೊನೆಗೆ ತನ್ನ ರಾಷ್ಟ್ರಗೀತೆ ಹಾಕ್ತಿತ್ತು. ಕಡಲಾಚೆ ಎಸ್ಟೋನಿಯನ್ನರು ಮನೆಯಲ್ಲಿ ಕೂತು ಕೇಳ್ತಿದ್ದರು. ರೇಡಿಯೋ ಅಲೆಗೆ ಪಾಸ್‌ಪೋರ್ಟ್ ಬೇಡ ನೋಡಿ.

ಕೊಯ್ದುಲಾಳ ‘ನನ್ನ ನಾಡೇ ನನ್ನ ಪ್ರೀತಿ’ ಕವಿತೆಗೆ 1944ರಲ್ಲಿ ಗುಸ್ತಾವ್ ಎರ್ನೆಸಾಕ್ಸ್ ಹೊಸ ರಾಗ ಹಾಕಿದ. 1947ರ ಹಬ್ಬದಲ್ಲಿ ಹೇಗೋ ಹಾಡಿದರು, ಆಮೇಲೆ ಪಟ್ಟಿಯಿಂದ ಮಾಯ. 1960ರಲ್ಲಿ ಜನ ಯಾರ ಅಪ್ಪಣೆಗೂ ಕಾಯದೆ ಹಾಡಿಬಿಟ್ಟರು. 1969, ತಾರ್ತು ಹಬ್ಬಕ್ಕೆ ನೂರು ವರ್ಷ. ತಾಲಿನ್‌ನ ವೇದಿಕೆಯಲ್ಲಿ ಆ ಹಾಡು ಮುಗಿದರೂ ಹಾಡುಗಾರರು ಇಳಿಯಲಿಲ್ಲ. ಮತ್ತೆ ಹಾಡಿದರು. ದನಿ ಮುಚ್ಚಿಸೋಕೆ ಬ್ಯಾಂಡ್ ಬಾರಿಸೋಕೆ ಹೇಳಿದರು, ಅದರ ಮೇಲೂ ಹಾಡಿದರು. ಕೊನೆಗೆ ಅಧಿಕಾರಿಗಳು ಬೇರೆ ದಾರಿ ಕಾಣದೆ, ನಡೆಸಿಕೊಡಿ ಅಂತ ಎರ್ನೆಸಾಕ್ಸ್‌ನನ್ನೇ ಮೇಲೆ ಕಳಿಸಿದರು.

1988ರ ವಸಂತದಲ್ಲಿ ಅದೇ ತಾರ್ತುವಿನ ಪಾಪ್ ಮ್ಯೂಸಿಕ್ ಹಬ್ಬದಲ್ಲಿ ಆಲೋ ಮಾಟಿಸೆನ್ ಐದು ದೇಶಭಕ್ತಿ ಹಾಡುಗಳನ್ನು ರಾಕ್ ಶೈಲಿಯಲ್ಲಿ ಹಾಡಿಸಿದ. ಸೆಪ್ಟೆಂಬರ್‌ನಲ್ಲಿ ತಾಲಿನ್‌ನ ಹಾಡಿನ ಮೈದಾನಕ್ಕೆ ಸುಮಾರು 3 ಲಕ್ಷ ಜನ ಬಂದರು. ಅದನ್ನೇ ಹಾಡಿನ ಕ್ರಾಂತಿ ಅಂತಾರೆ. 1991ರಲ್ಲಿ ದೇಶ ಮತ್ತೆ ಸ್ವತಂತ್ರ ಆಯ್ತು.

ವಾನೆಮುಯ್ನೆ ಈಗ ದೊಡ್ಡ ನಾಟಕ ಸಂಸ್ಥೆ. 1870ರಲ್ಲಿ ಅಲ್ಲಿ ಮೊದಲು ಆಡಿದ ನಾಟಕ ಕೂಡ ಕೊಯ್ದುಲಾಳದ್ದೇ. ಸಂಘದ ಹಳೆಯ ಮನೆ ಈಗ ಗಾಯನ ಹಬ್ಬದ ಮ್ಯೂಸಿಯಂ.

ಎಪಿಸೋಡ್ ಮುಗಿದ ಮೇಲೆ ಹೆಡ್‌ಫೋನ್ ತೆಗೀಬೇಡಿ. ‘ಮು ಇಸಾಮಾ ಆನ್ ಮಿನು ಆರ್ಮ್’ ಅಂತ ಹುಡುಕಿ. ಮೊದಲು ಕುನಿಲೈಡ್ ರಾಗ, ಆಮೇಲೆ ಎರ್ನೆಸಾಕ್ಸ್ ರಾಗ. ಎರಡನೆಯದರಲ್ಲಿ ಹೆಂಗಸರ ದನಿ ಎಲ್ಲಿ ಬಂದು ಸೇರುತ್ತೆ ಅಂತ ಕೇಳಿಸಿಕೊಂಡು ಕಾಮೆಂಟ್ ಮಾಡಿ.