ರಾಷ್ಟ್ರೀಯ ಇಂಧನ ಕಾರ್ಯಕ್ರಮ (ಕೆನಡಾ)

ರಾಷ್ಟ್ರೀಯ ಇಂಧನ ಕಾರ್ಯಕ್ರಮವು ಕೆನಡಾದ ಒಕ್ಕೂಟ ಸರ್ಕಾರವು 1980ರಲ್ಲಿ ಜಾರಿಗೆ ತಂದ ತೈಲ ಮತ್ತು ನೈಸರ್ಗಿಕ ಅನಿಲ ನೀತಿಯಾಗಿದೆ. ಪಿಯರೆ ಟ್ರೂಡೊ ಅವರು ಪ್ರಧಾನಿಯಾಗಿದ್ದಾಗ, ಅಕ್ಟೋಬರ್ 28ರ ಮುಂಗಡಪತ್ರದೊಂದಿಗೆ ಇದನ್ನು ಪ್ರಕಟಿಸಲಾಯಿತು. ತೈಲವನ್ನೇ ನೆಚ್ಚಿಕೊಂಡ ಪ್ರಾಂತ್ಯದ ಆರ್ಥಿಕತೆಯ ಮೇಲೆ ಕೇಂದ್ರದ ತೆರಿಗೆಗಳು ಬೀರುವ ಪರಿಣಾಮದ ಚರ್ಚೆಯಲ್ಲಿ ಆಲ್ಬರ್ಟಾ ಪ್ರಾಂತ್ಯದ ಈ ಅನುಭವವು ಪ್ರಮುಖ ಉದಾಹರಣೆಯಾಗಿದೆ.

ಹಿನ್ನೆಲೆ

ಆಲ್ಬರ್ಟಾ ಪ್ರಾಂತ್ಯಕ್ಕೆ ತನ್ನ ನೈಸರ್ಗಿಕ ಸಂಪನ್ಮೂಲಗಳ ಒಡೆತನವು 1930ರಲ್ಲಿ ದೊರೆಯಿತು. ಮುಂದೆ ತೈಲ ಮತ್ತು ಅನಿಲದ ರಾಜಧನವು ಅದರ ಬೊಕ್ಕಸದ ಮುಖ್ಯ ಆಧಾರವಾಯಿತು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳಲ್ಲಿ ಬೆಲೆ ಏರಿದಾಗ, ಹೆಚ್ಚುವರಿ ಆದಾಯವು ಯಾರಿಗೆ ಸೇರಬೇಕೆಂಬ ವಿವಾದ ತೀವ್ರಗೊಂಡಿತು. ಒಂಟಾರಿಯೊದಂತಹ ಬಳಕೆದಾರ ಪ್ರಾಂತ್ಯಗಳು ಅಗ್ಗದ ಇಂಧನವನ್ನು ಬಯಸಿದರೆ, ಆಲ್ಬರ್ಟಾ ಅಂತರರಾಷ್ಟ್ರೀಯ ಬೆಲೆಯನ್ನು ಬಯಸಿತು.

ತೆರಿಗೆಗಳು

ದೇಶೀಯ ತೈಲದ ಬೆಲೆಯನ್ನು ಅಂತರರಾಷ್ಟ್ರೀಯ ಬೆಲೆಗಿಂತ ಕೆಳಗಿರಿಸಿದ ಸರ್ಕಾರವು, ಉತ್ಪಾದನೆಯ ನಿವ್ವಳ ಆದಾಯದ ಮೇಲೆ ಶೇ. 8ರಷ್ಟು ಹೊಸ ತೆರಿಗೆಯನ್ನು ವಿಧಿಸಿತು. ಇದರ ಲೆಕ್ಕದಲ್ಲಿ ಸಾಲದ ಬಡ್ಡಿಯನ್ನಾಗಲಿ, ಅನ್ವೇಷಣೆಯ ವೆಚ್ಚವನ್ನಾಗಲಿ ಕಳೆಯಲು ಅವಕಾಶವಿರಲಿಲ್ಲ. ಆದ್ದರಿಂದ ಲಾಭ ಗಳಿಸದ ಕಂಪನಿಯೂ ತೆರಿಗೆ ತೆರಬೇಕಾಗುತ್ತಿತ್ತು. ನೈಸರ್ಗಿಕ ಅನಿಲದ ಮೇಲೆ ಪ್ರತ್ಯೇಕ ತೆರಿಗೆಯೂ ಇತ್ತು.

ಆಲ್ಬರ್ಟಾದ ಪ್ರತಿಕ್ರಿಯೆ

ಪ್ರಾಂತ್ಯದ ಪ್ರೀಮಿಯರ್ ಪೀಟರ್ ಲಾಹೀಡ್ ಅವರು ತೈಲೋತ್ಪಾದನೆಯನ್ನು ದಿನಕ್ಕೆ 1,80,000 ಬ್ಯಾರೆಲ್‌ಗಳಷ್ಟು ಹಂತಹಂತವಾಗಿ ಕಡಿತಗೊಳಿಸುವುದಾಗಿ ಘೋಷಿಸಿದರು. 1981ರ ಸೆಪ್ಟೆಂಬರ್ 1ರಂದು ಬೆಲೆ ಮತ್ತು ಆದಾಯ ಹಂಚಿಕೆಯ ಕುರಿತು ಒಪ್ಪಂದವಾಯಿತು. 1982ರಲ್ಲಿ ಸಂವಿಧಾನಕ್ಕೆ ಸೇರಿದ 92ಎ ವಿಧಿಯು ಸಂಪನ್ಮೂಲಗಳ ಮೇಲಿನ ಪ್ರಾಂತ್ಯಗಳ ಅಧಿಕಾರವನ್ನು ಬಲಪಡಿಸಿತು.

ಪರಿಣಾಮಗಳು

ಹೂಡಿಕೆ ಕುಸಿದು, ಕೊರೆಯುವ ಯಂತ್ರಗಳು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸಾಗಿದವು. 1981ರಲ್ಲಿ ಶೇ. 4ರ ಆಸುಪಾಸಿನಲ್ಲಿದ್ದ ಆಲ್ಬರ್ಟಾದ ನಿರುದ್ಯೋಗವು 1983ರ ವೇಳೆಗೆ ಶೇ. 10ನ್ನು ದಾಟಿತು. ನಿರ್ಮಾಣ, ಸಾರಿಗೆ, ವಸತಿ ಕ್ಷೇತ್ರಗಳೂ ತೈಲದ ಹಣವನ್ನು ಅವಲಂಬಿಸಿದ್ದುದರಿಂದ ಹೊಡೆತವು ತೈಲಬಾವಿಗಳಿಗೆ ಸೀಮಿತವಾಗಲಿಲ್ಲ.

ಈ ಹಿಂಜರಿತಕ್ಕೆ ತೆರಿಗೆಯೊಂದೇ ಕಾರಣವೇ ಎಂಬುದು ವಿವಾದಾಸ್ಪದವಾಗಿದೆ. ಅದೇ ಅವಧಿಯಲ್ಲಿ ಬಡ್ಡಿದರ ವಿಪರೀತ ಏರಿತ್ತು. ಅಂತರರಾಷ್ಟ್ರೀಯ ತೈಲಬೆಲೆಯೂ ಇಳಿಯತೊಡಗಿತ್ತು. ಬೆಲೆ ಏರುತ್ತಲೇ ಹೋಗುವುದೆಂಬ ಅಂದಾಜಿನ ಮೇಲೆ ರೂಪುಗೊಂಡಿದ್ದ ನೀತಿಯು ಬೆಲೆ ಇಳಿದಾಗ ನೆಲೆ ಕಳೆದುಕೊಂಡಿತು.

ಮುಕ್ತಾಯ

1984ರಲ್ಲಿ ಅಧಿಕಾರಕ್ಕೆ ಬಂದ ಬ್ರಯನ್ ಮಲ್ರೋನಿ ಸರ್ಕಾರವು 1985ರ ಮಾರ್ಚ್‌ನಲ್ಲಿ ತೈಲೋತ್ಪಾದಕ ಪಶ್ಚಿಮ ಪ್ರಾಂತ್ಯಗಳೊಂದಿಗೆ ಒಪ್ಪಂದ ಮಾಡಿಕೊಂಡು, ತೈಲಬೆಲೆಯ ನಿಯಂತ್ರಣವನ್ನು ತೆಗೆದುಹಾಕಿತು. ಆದಾಯ ತೆರಿಗೆಯನ್ನೂ ಬಳಿಕ ರದ್ದುಗೊಳಿಸಲಾಯಿತು. ಆದರೂ 1986ರಲ್ಲಿ ತೈಲಬೆಲೆ ಕುಸಿದಾಗ ಆಲ್ಬರ್ಟಾ ಮತ್ತೆ ಸಂಕಷ್ಟಕ್ಕೀಡಾಯಿತು. ಒಂದೇ ಸಂಪನ್ಮೂಲದ ಮೇಲಿನ ಅವಲಂಬನೆಯು ತೆರಿಗೆಯೊಂದಿಗೆ ಕೊನೆಗೊಂಡಿರಲಿಲ್ಲ.