ಹಿರಿಯ ಶ್ರಾವಕ-ಶ್ರಾವಿಕೆಯರು: ಸೇವೆ, ಸವಲತ್ತು ಮತ್ತು ಎಚ್ಚರಿಕೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ತ್ಯಾಗಿಗಳ, ರೋಗಿಗಳ ಸೇವೆ ಎಂದು ಇದರ ಅರ್ಥ. ಸಮಾಜದಲ್ಲಿ ಹಿರಿಯರೆಂದರೆ ಸೇವೆ ಪಡೆಯುವವರು ಎಂದೇ ಎಣಿಸುವುದು ರೂಢಿ. ಆದರೆ ಸೇವೆ ಮಾಡಲು ಬಿಡುವು ಮತ್ತು ಅನುಭವ ಎರಡೂ ಇರುವುದು ಅವರಿಗೇ.

ಚಾತುರ್ಮಾಸದ ನಾಲ್ಕು ತಿಂಗಳು ಇದಕ್ಕೆ ಒಳ್ಳೆಯ ಅವಕಾಶ. ದಿಗಂಬರ ಮುನಿಗಳು ದಿನಕ್ಕೆ ಒಮ್ಮೆ ಮಾತ್ರ, ನಿಂತು, ಅಂಜಲಿಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಆಹಾರದಲ್ಲಿ ಒಂದು ಕೂದಲು ಕಂಡರೂ ಅಂತರಾಯ. ಅಂದಿನ ಆಹಾರ ಅಲ್ಲಿಗೇ ಮುಗಿಯಿತು. ನೀರು ಸೋಸುವುದು, ಕಾಯಿಸುವುದು, ಧಾನ್ಯ ಶೋಧಿಸುವುದು, ನವಧಾಭಕ್ತಿಯ ಕ್ರಮ ಇವೆಲ್ಲ ಪುಸ್ತಕ ನೋಡಿ ಬರುವ ವಿದ್ಯೆಯಲ್ಲ. ಅಜ್ಜಿಯ ಜೊತೆ ನಾಲ್ಕು ದಿನ ಚೌಕದಲ್ಲಿ ನಿಂತ ಸೊಸೆಗೆ ಬರುತ್ತದೆ. ಆಹಾರದಾನದ ಸರದಿ ಪಟ್ಟಿ ಮಾಡುವಾಗ ಪ್ರತಿ ಗುಂಪಿನಲ್ಲಿ ಒಬ್ಬ ಹಿರಿಯರನ್ನು ಸೇರಿಸಿ, ಕುರ್ಚಿ ಹಾಕಿ ಕೂರಿಸಿದರೆ ಸಾಕು. ಭಾರ ಎತ್ತುವ ಕೆಲಸ ಕಿರಿಯರಿಗಿರಲಿ. ಬಸದಿಯ ಲೆಕ್ಕಪತ್ರ, ಗ್ರಂಥ ಭಂಡಾರದ ಪಟ್ಟಿ, ಮಕ್ಕಳಿಗೆ ಣಮೋಕಾರ ಮಂತ್ರ ಮತ್ತು ನೋಂಪಿ ಕಥೆಗಳ ಪಾಠ ಕೂಡ ಕುಳಿತು ಮಾಡಬಹುದಾದ ಕೆಲಸಗಳೇ.

ಯಾತ್ರೆ ಏರ್ಪಡಿಸುವವರು ಮಂಡಿನೋವನ್ನು ಮರೆಯುತ್ತಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಬಿಸಿಲೇರುವ ಮುನ್ನವೇ ಹೋಗಬೇಕು, ಬರಿಗಾಲಿಗೆ ಬಂಡೆ ಸುಡುತ್ತದೆ. ವೇಣೂರಿನಲ್ಲಿ ಈ ಕಷ್ಟವಿಲ್ಲ. 1604ರಲ್ಲಿ ಪ್ರತಿಷ್ಠಾಪಿಸಿದ 35 ಅಡಿಯ ಬಾಹುಬಲಿಯ ದರ್ಶನಕ್ಕೆ ಬೆಟ್ಟ ಹತ್ತಬೇಕಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ಊರಿನೊಳಗೇ ಇದೆ. ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಪ್ರಯಾಣ ಉಚಿತ. 60 ದಾಟಿದ ಪುರುಷರಿಗೆ ಟಿಕೆಟ್‌ನಲ್ಲಿ ಶೇಕಡಾ 25 ರಿಯಾಯಿತಿ ಉಂಟು. ವಯಸ್ಸಿನ ದಾಖಲೆ ಜೇಬಿನಲ್ಲಿರಲಿ.

ಇನ್ನು ಆಸ್ತಿಯ ವಿಷಯ. ಜೀವಮಾನ ದುಡಿದು ಕಟ್ಟಿದ ಮನೆ, ಅಂಗಡಿಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಟ್ಟು, ನಂತರ ಅದೇ ಮನೆಯ ಮೂಲೆಯಲ್ಲಿ ಕೂರುವ ಹಿರಿಯರು ನಮ್ಮ ಸಮಾಜದಲ್ಲಿ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು. ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ, ಅಷ್ಟೇ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದ್ದರಿಂದ ಊಟ, ವಸತಿ, ಔಷಧದ ಮಾತನ್ನು ಪತ್ರದಲ್ಲೇ ಬರೆಸಬೇಕು. "ಮಗನ ಹತ್ತಿರ ಷರತ್ತು ಹಾಕುವುದೇ?" ಎಂದು ಸಂಕೋಚಪಡುವವರಿಗೆ ಉಯಿಲು ಒಳ್ಳೆಯದು. ಬದುಕಿರುವವರೆಗೆ ಆಸ್ತಿ ಅವರದೇ, ಉಯಿಲನ್ನು ಬದಲಿಸಲೂಬಹುದು.

ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಹಿರಿಯರೇ ಅರ್ಜಿ ಕೊಡಬಹುದು. ಕೈಲಾಗದಿದ್ದರೆ ಅವರು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು. ಬಸದಿ ಸಮಿತಿಗಳು ಇಲ್ಲಿ ನೆರವಿಗೆ ನಿಲ್ಲಬೇಕು. ರಾಜಿ ಮಾಡಿಸುವ ಹೆಸರಿನಲ್ಲಿ ಹಿರಿಯರ ಬಾಯಿ ಮುಚ್ಚಿಸಬಾರದು. ಮೊದಲ ಸಲಹೆಗೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ.

ಪಿಂಚಣಿದಾರರು ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್‌ನಿಂದಲೇ ಕೊಡಬಹುದು. ಮೊಬೈಲಿನಲ್ಲಿ ಮುಖ ತೋರಿಸಿಯೂ ಇದನ್ನು ಸಲ್ಲಿಸಲು ಬರುತ್ತದೆ. ಯುವಕ ಮಂಡಳಿಯ ಇಬ್ಬರು ಒಂದು ಭಾನುವಾರ ಪೂಜೆಯ ನಂತರ ಬಸದಿಯ ಜಗಲಿಯಲ್ಲಿ ಕುಳಿತರೆ ಇಡೀ ಊರಿನದು ಮುಗಿಯುತ್ತದೆ. ಆಧಾರ್ ಮತ್ತು ಪಿಂಚಣಿ ಆದೇಶದ ಸಂಖ್ಯೆ ತರಲು ಮೊದಲೇ ತಿಳಿಸಿರಬೇಕು. ಒಟಿಪಿಯನ್ನು ಮಾತ್ರ ಫೋನಿನಲ್ಲಿ ಕೇಳಿದ ಯಾರಿಗೂ ಹೇಳಕೂಡದು.