ವಿಮಾನ ಸಂಚಾರ ನಿಯಂತ್ರಕ (ಅರ್ಹತೆ)

ಆಕಾಶದಲ್ಲಿಯೂ ನಿಲ್ದಾಣದ ನೆಲದ ಮೇಲೆಯೂ ವಿಮಾನಗಳ ನಡುವೆ ನಿಯತವಾದ ಅಂತರವನ್ನು ಕಾಪಾಡಿ, ಅವುಗಳ ಏರಿಳಿತಗಳಿಗೆ ರೇಡಿಯೋ ಮೂಲಕ ಅನುಮತಿ ನೀಡುವ ಅಧಿಕಾರಿ. ಭಾರತದ ನಾಗರಿಕ ನಿಲ್ದಾಣಗಳಲ್ಲಿ ಈ ಹೊಣೆಯು ಬಹುಮಟ್ಟಿಗೆ 1995ರಲ್ಲಿ ರೂಪುಗೊಂಡ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು. 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ಬೆಂಗಳೂರಿನ ನಿಲ್ದಾಣವು ಬೇರೊಂದು ಕಂಪನಿಯ ಆಡಳಿತದಲ್ಲಿದ್ದರೂ ಅಲ್ಲಿಯ ಗೋಪುರದ ನಿಯಂತ್ರಕರು ಪ್ರಾಧಿಕಾರದವರೇ.

ಆದುದರಿಂದ ಬೆಂಗಳೂರಿನ ಕತ್ರಿಗುಪ್ಪೆ ಬಡಾವಣೆಯ ಪದವೀಧರರು ಈ ವೃತ್ತಿಯನ್ನು ಬಯಸಿದಲ್ಲಿ, ಭೌತಶಾಸ್ತ್ರ ಮತ್ತು ಗಣಿತಗಳನ್ನೊಳಗೊಂಡ ಬಿ.ಎಸ್‌ಸಿ. ಪದವಿಯನ್ನಾಗಲಿ, ಯಾವುದಾದರೊಂದು ಸೆಮಿಸ್ಟರಿನಲ್ಲಿ ಆ ವಿಷಯಗಳನ್ನು ಅಭ್ಯಸಿಸಿದ ಇಂಜಿನಿಯರಿಂಗ್ ಪದವಿಯನ್ನಾಗಲಿ ಪಡೆದು, ಪ್ರಾಧಿಕಾರವು ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ನಡೆಸುವ ಅಖಿಲ ಭಾರತ ಸ್ಪರ್ಧಾಪರೀಕ್ಷೆಯನ್ನು ಎದುರಿಸತಕ್ಕದ್ದು. ವಯೋಮಿತಿ 27, ಮೀಸಲು ವರ್ಗಗಳಿಗೆ ಸಡಿಲಿಕೆಯುಂಟು. ತರುವಾಯ ಧ್ವನಿಪರೀಕ್ಷೆ, ಮಾದಕದ್ರವ್ಯ ತಪಾಸಣೆ, ಮನೋವೈಜ್ಞಾನಿಕ ಹಾಗೂ ವೈದ್ಯಕೀಯ ಪರೀಕ್ಷೆಗಳು ನಡೆಯುವುವು. ಧ್ವನಿಪರೀಕ್ಷೆಗೆ ಕಾರಣವಿಲ್ಲದಿಲ್ಲ: ನಿಯಂತ್ರಕನು ಹೇಳಿದ ಎತ್ತರವನ್ನೂ ರನ್‌ವೇ ಸಂಖ್ಯೆಯನ್ನೂ ಪೈಲಟ್ ಮರುನುಡಿಯುವನು, ಆ ಮರುನುಡಿಯಲ್ಲಿ ಒಂದು ಅಂಕಿ ತಪ್ಪಿದರೂ ನಿಯಂತ್ರಕನು ತತ್‌ಕ್ಷಣವೇ ತಿದ್ದಬೇಕು.

ಆಯ್ಕೆಯಾದವರು ಪ್ರಯಾಗರಾಜದ ನಾಗರಿಕ ವಿಮಾನಯಾನ ತರಬೇತಿ ಕಾಲೇಜಿನಂತಹ ಕೇಂದ್ರಗಳಲ್ಲಿ ವಾಯುನಿಯಮ, ಪವನಶಾಸ್ತ್ರ, ಸಂಚಾರ ವಿಧಾನಗಳನ್ನು ಕಲಿತು, ಸಿಮ್ಯುಲೇಟರಿನಲ್ಲಿ ಪಳಗಿ, ಬಳಿಕ ನಿಯುಕ್ತ ನಿಲ್ದಾಣದಲ್ಲಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ದುಡಿದು ‘ರೇಟಿಂಗ್’ ಗಳಿಸುವರು. ಅದು ಆಯಾ ನಿಲ್ದಾಣಕ್ಕೆ ಸೀಮಿತವಾದುದರಿಂದ, ವರ್ಗವಾದ ನಿಯಂತ್ರಕನು ಹೊಸ ಸ್ಥಳದಲ್ಲಿ ಮತ್ತೆ ಪರೀಕ್ಷೆಗೊಳಪಡುವನು.